ಹದಿನಾಲ್ಕನೇ ಟ್ಯಾಂಕಿನ ಹಿಂದಿನ ಗಾಜು

ಬೆಳಗ್ಗೆ ಏಳೂವರೆ. ಹದಿನಾಲ್ಕನೇ ಟ್ಯಾಂಕಿನ ಹೆಣ್ಣು ಮೀನಿನ ಹೊಟ್ಟೆ ಬೆನ್ನಿಗೆ ಹತ್ತಿತ್ತು.

ಟಾರ್ಚ್ ಹಿಡಿದು, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದ ಅಕ್ಕನಿಗೆ ಆ ಬಗ್ಗೆ ಅನುಮಾನ ಉಳಿಯಲಿಲ್ಲ. ಹಿಂದಿನ ವಾರ ಮೀನಿನ ತಲೆಯ ಹಿಂದೆ ಸಣ್ಣದೊಂದು ತಗ್ಗು ಕಂಡಿತ್ತು. ಬೆಳಕಿನ ಆಟವಿರಬೇಕೆಂದು ಸುಮ್ಮನಾಗಿದ್ದಳು. ಈಗ ಆ ತಗ್ಗು ಪಕ್ಕೆಯುದ್ದಕ್ಕೂ ಇಳಿದಿತ್ತು. ಬಣ್ಣ ಮಾತ್ರ ಒಂದಿಷ್ಟೂ ಮಾಸಿರಲಿಲ್ಲ. ಕಾಯಿಲೆ ಬಿದ್ದ ಮೀನು ಮೊದಲು ಮಂಕಾಗುತ್ತದೆ ಎಂದು ಅವಳು ಕಲಿತಿದ್ದಳು. ಇದು ಮಂಕಾಗದೆಯೇ ಸೊರಗುತ್ತಿತ್ತು.

ಅಕ್ಕ ರವಿಕೆಯ ತೋಳು ಮೇಲೇರಿಸಿ, ಬ್ರಷ್ ತೆಗೆದುಕೊಂಡು ಟ್ಯಾಂಕಿನ ಒಳಗಿನ ಗಾಜು ಉಜ್ಜತೊಡಗಿದಳು. ಉಜ್ಜಲು ಅಲ್ಲಿ ಏನೂ ಇರಲಿಲ್ಲ. ಆದರೂ ಉಜ್ಜಿದಳು.

ಅಕ್ಕ ಎಂದರೆ ಆ ಮತ್ಸ್ಯಾಲಯದಲ್ಲಿ ಎಲ್ಲರಿಗೂ ಅಕ್ಕನೇ. ಟಿಕೆಟ್ ಕೊಡುವ ಹುಡುಗಿಗೂ ಅಕ್ಕ, ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಮ್ಯಾನೇಜರಿಗೂ ಅಕ್ಕ. ಬೆನ್ನ ಹಿಂದೆ ಮಾತ್ರ ಫಿನಾಯಿಲಕ್ಕ. ಅದು ಅವಳಿಗೆ ಗೊತ್ತಿತ್ತು, ಬೇಸರವಿರಲಿಲ್ಲ. ಇಲ್ಲಿಗೆ ಬರುವ ಮುಂಚೆ ಅವಳು ದೊಡ್ಡ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿನ ಕತ್ತರಿ, ಇಕ್ಕಳಗಳನ್ನು ತೊಳೆದು ಆವಿಯಲ್ಲಿ ಬೇಯಿಸುವ ಕೋಣೆಯ ಮುಖ್ಯಸ್ಥೆಯಾಗಿದ್ದಳು. ಆಸ್ಪತ್ರೆ ಊರಾಚೆಯ ಹೊಸ ಕಟ್ಟಡಕ್ಕೆ ಹೋದಾಗ ಓಡಾಟ ದೂರವಾಯಿತೆಂದು ಬಿಟ್ಟಳು. ಅಲ್ಲಿದ್ದಷ್ಟು ಕಾಲ ಅವಳ ಕೋಣೆಯಿಂದ ಹೋದ ಒಂದು ಕತ್ತರಿಯಿಂದಲೂ ಯಾವ ರೋಗಿಗೂ ನಂಜೇರಿರಲಿಲ್ಲ. ಯಾರಿಗಾದರೂ ಜ್ವರ ಬಂತೆಂದು ತಿಳಿದರೆ ಅಕ್ಕ ಮೊದಲು ಮಾಡುತ್ತಿದ್ದ ಕೆಲಸ ಇಡೀ ಕೋಣೆಯನ್ನು ಮತ್ತೊಮ್ಮೆ ತೊಳೆಸುವುದು. ಆಮೇಲೆ ಮಿಕ್ಕ ವಿಚಾರಣೆ.

ಮತ್ಸ್ಯಾಲಯಕ್ಕೆ ಬಂದ ಮೊದಲ ದಿನ ಅವಳಿಗೆ ವಹಿಸಿದ್ದು ಒಳಗಿನ ಓಣಿಯೊಂದರ ಕೊನೆಯ ಆರು ಸಣ್ಣ ಟ್ಯಾಂಕುಗಳನ್ನು. ಅವುಗಳನ್ನು ಅಲ್ಲಿಯವರೆಗೆ ನೋಡಿಕೊಳ್ಳುತ್ತಿದ್ದವರು ಆ ವಾರ ನಿವೃತ್ತರಾಗಿದ್ದ ಹಿರಿಯರು. ಗಾಜು ಯಾಕೆ ಹೀಗಿದೆ ಎಂದರೆ ನಾಳೆ ಒರೆಸೋಣ, ಪಂಪು ಯಾಕೆ ಗುರುಗುಟ್ಟುತ್ತಿದೆ ಎಂದರೆ ನಾಳೆ ನೋಡೋಣ. ಹೀಗೆ ಹೇಳಿ ಹೇಳಿ ಅವರಿಗೆ ನಾಳೆ ಮಾವ ಎಂದೇ ಹೆಸರು ಬಿದ್ದಿತ್ತು. ಅವರು ಬಿಟ್ಟುಹೋದ ಟ್ಯಾಂಕುಗಳನ್ನು ಅಕ್ಕ ಒಂದೊಂದಾಗಿ ನೋಡುತ್ತ ಬಂದಳು. ಹದಿನಾಲ್ಕನೆಯದಂತೂ ಕೊಚ್ಚೆ. ಜನ ನಿಂತು ನೋಡುವ ಮುಂದಿನ ಗಾಜು ಹೇಗೋ ಪರವಾಗಿಲ್ಲ. ಹಿಂದಿನ ಗಾಜಿನ ಮೇಲೆ ಬೆರಳು ದಪ್ಪ ಪಾಚಿ, ಹವಳದ ಕಲ್ಲುಗಳ ಮೇಲೆ ಕಂದು ಕೂದಲು, ತಳದಲ್ಲಿ ಕೆಸರು.

ಒಳಗೆ ಇದ್ದದ್ದು ಎರಡೇ ಮೀನು, ಒಂದು ಗಂಡು ಒಂದು ಹೆಣ್ಣು. ಹೊರಗಿನ ಫಲಕದಲ್ಲಿ ಮ್ಯಾಂಡರಿನ್ ಮೀನು ಎಂದಿತ್ತು. ಒಳಗಿನವರು ಕರೆಯುತ್ತಿದ್ದದ್ದು ಚಿತ್ತಾರ ಎಂದು. ಬೆರಳುದ್ದದ ಮೈ, ನೀಲಿಯ ಮೇಲೆ ಬಳ್ಳಿ ಬಳ್ಳಿಯಾಗಿ ಹರಿದ ಕಿತ್ತಳೆ, ನಡುನಡುವೆ ಹಸಿರು. ಪ್ರಾಣಿಗಳ ಮೈಮೇಲೆ ಕಾಣುವ ನೀಲಿ ಬಹುಪಾಲು ಬಣ್ಣವೇ ಅಲ್ಲ, ಬೆಳಕು ಒಡೆದು ಕಾಣಿಸುವ ಮರೀಚಿಕೆ. ಈ ಮೀನಿನ ಚರ್ಮದಲ್ಲಿರುವುದು ನಿಜವಾದ ನೀಲಿ ಬಣ್ಣ. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಅಂಥವು ಬೆರಳೆಣಿಕೆಯಷ್ಟು. ಮೈಮೇಲೆ ಹುರುಪೆಯಿಲ್ಲ. ಬದಲಿಗೆ ಕಹಿಯಾದ, ನಾತ ಹೊಡೆಯುವ ಲೋಳೆ. ಹಾಗಾಗಿ ದೊಡ್ಡ ಮೀನುಗಳು ಇದರ ತಂಟೆಗೆ ಬರುವುದಿಲ್ಲ. ಅಲೆಗಳ ಹೊಡೆತ ತಟ್ಟದ, ಹವಳದ ದಿಬ್ಬದ ಒಳಮಗ್ಗುಲಲ್ಲಿ, ಮುರಿದ ಹವಳದ ಚೂರುಗಳ ಸಂದಿಯಲ್ಲಿ ಇದರ ವಾಸ. ಈಜುವುದಕ್ಕಿಂತ ಹೆಚ್ಚಾಗಿ, ಹೊಟ್ಟೆಯಡಿಯ ರೆಕ್ಕೆಗಳ ಮೇಲೆ ಕುಪ್ಪಳಿಸುತ್ತ ನಡೆಯುತ್ತದೆ. ನಡೆಯುತ್ತ ಕಲ್ಲನ್ನು ಒಮ್ಮೆ ಕುಕ್ಕುತ್ತದೆ, ನಿಲ್ಲುತ್ತದೆ, ಮತ್ತೆ ಕುಕ್ಕುತ್ತದೆ. ಬೆಳಗಿನಿಂದ ಸಂಜೆಯವರೆಗೆ ಅದೇ ಕಸುಬು.

ಅಷ್ಟು ಚಂದದ ಮೀನು ಅಂಥ ಕೊಳಕಿನಲ್ಲಿ. ಅಕ್ಕ ಕೈತೊಳೆದುಕೊಂಡು ಆ ಟ್ಯಾಂಕಿನ ಬೆನ್ನು ಹತ್ತಿದಳು. ಮೀನುಗಳನ್ನು ಬೇರೆ ತೊಟ್ಟಿಗೆ ಸಾಗಿಸಿ, ಕಲ್ಲುಗಳನ್ನೆಲ್ಲ ಹೊರತೆಗೆದು, ಸಿಹಿನೀರಿನಲ್ಲಿ ತಿಕ್ಕಿ, ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ನೆನೆಸಿ, ವಾಸನೆ ಹೋಗುವವರೆಗೆ ತೊಳೆದು, ಮಹಡಿಯ ಬಿಸಿಲಿಗೆ ಹರವಿದಳು. ತಳದ ಮರಳು ಬದಲಾಯಿಸಿದಳು. ಎಲ್ಲ ಮರಳಿ ಜೋಡಿಸಿದ ಮೇಲೆ ಕಲ್ಲುಗಳು ಮುತ್ತಿನಂತೆ ಬೆಳ್ಳಗೆ ಹೊಳೆದವು. ಆ ಬಿಳುಪಿನ ಮುಂದೆ ಚಿತ್ತಾರದ ಬಣ್ಣ ಎದ್ದು ಕಂಡಿತು. ಮ್ಯಾನೇಜರು ಬೇರೆ ಓಣಿಗಳ ಕೆಲಸದವರನ್ನೆಲ್ಲ ಕರೆತಂದು ತೋರಿಸಿದರು. ಆ ವಾರವೆಲ್ಲ ಹದಿನಾಲ್ಕನೇ ಟ್ಯಾಂಕಿನ ಮುಂದೆ ಜನ ಸರದಿ ನಿಂತರು. ನೀರು ಸೋಸುವ ಯಂತ್ರ ಇಡೀ ಕಟ್ಟಡಕ್ಕೆ ಒಂದೇ ಆದ್ದರಿಂದ ನೀರಿನ ಗುಣ ಕೆಡಲಿಲ್ಲ. ಪರೀಕ್ಷೆ ಮಾಡಿದಾಗಲೆಲ್ಲ ಅಚ್ಚುಕಟ್ಟು.

ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ.

ನಾಳೆ ಮಾವ ಹೋಗುವ ಮುಂಚೆ ಒಂದು ಮಾತು ಹೇಳಿದ್ದರು: ಚಿತ್ತಾರಕ್ಕೆ ಏನೂ ಹಾಕಬೇಡ, ಹಾಕಿದರೂ ತಿನ್ನುವುದಿಲ್ಲ, ಅದು ತನ್ನ ಪಾಡು ತಾನು ನೋಡಿಕೊಳ್ಳುತ್ತದೆ. ಊಟ ಹಾಕುವುದಕ್ಕೂ ನಾಳೆ ಎನ್ನುವ ಮನುಷ್ಯ ಎಂದು ಅಕ್ಕ ಮನಸ್ಸಿನಲ್ಲೇ ಬೈದುಕೊಂಡಿದ್ದಳು. ಅವಳು ಒಣ ಗುಳಿಗೆ ಹಾಕಿದಳು, ಹೆಪ್ಪುಗಟ್ಟಿಸಿದ ಸೀಗಡಿಯನ್ನು ಸಣ್ಣಗೆ ಹೆಚ್ಚಿ ಹಾಕಿದಳು. ಮೀನುಗಳು ಅದರ ಹತ್ತಿರ ಹೋಗಿ, ಕಣ್ಣು ತಿರುಗಿಸಿ ನೋಡಿ, ಮುಂದಿನ ಕಲ್ಲು ಕುಕ್ಕಲು ಹೋದವು. ಹೊಟ್ಟೆಗೆ ಏನೋ ಸಿಗುತ್ತಿರಬೇಕು, ಇಲ್ಲದಿದ್ದರೆ ದಿನವಿಡೀ ಕುಕ್ಕುತ್ತಿದ್ದವೇ ಎಂದು ಅವಳು ಸಮಾಧಾನ ಮಾಡಿಕೊಂಡಳು. ತಿನ್ನದೆ ಉಳಿದ ಸೀಗಡಿ ಕೊಳೆಯಬಾರದೆಂದು ದಿನವೂ ತೆಗೆದು, ಕಲ್ಲುಗಳನ್ನು ಇನ್ನೊಮ್ಮೆ ಬ್ರಷ್ಷಿನಿಂದ ತಿಕ್ಕಿದಳು. ಹೆಣ್ಣು ಬಡವಾದಂತೆ ಕಂಡ ಮೇಲೆ ತಿಕ್ಕುವುದು ಎರಡು ಹೊತ್ತಿಗೆ ಏರಿತು.

ಹೊಟ್ಟೆ ಬೆನ್ನಿಗೆ ಹತ್ತಿದ್ದು ಕಂಡ ಮರುದಿನ, ಮಂಗಳವಾರ, ಡಾಕ್ಟರಮ್ಮ ಬಂದರು. ಊರಿನ ನಾಯಿ, ದನಗಳ ಡಾಕ್ಟರೂ ಅವರೇ, ವಾರಕ್ಕೆರಡು ಸಲ ಮತ್ಸ್ಯಾಲಯದ ಡಾಕ್ಟರೂ ಅವರೇ. ಹೆಣ್ಣನ್ನು ಟಾರ್ಚಿನ ಬೆಳಕಿನಲ್ಲಿ ತುಂಬ ಹೊತ್ತು ನೋಡಿದರು. ಟ್ಯಾಂಕಿನ ತಳದಿಂದ ಹಿಕ್ಕೆ ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಹೊಟ್ಟೆಹುಳದ ಸುಳಿವಿರಲಿಲ್ಲ. ಹಿಕ್ಕೆಯಲ್ಲಿ ತಿಂದ ಊಟದ ಕುರುಹೂ ಇರಲಿಲ್ಲ. ಅದು ಅವರಿಗೆ ವಿಚಿತ್ರವೆನಿಸಿತು.

"ಇತ್ತೀಚೆಗೆ ಟ್ಯಾಂಕಲ್ಲಿ ಏನಾದ್ರೂ ಬದಲಾಯಿಸಿದ್ರಾ ಅಕ್ಕಾ?"

"ಏನೂ ಇಲ್ಲ ಮೇಡಂ. ಎಲ್ಲ ಇದ್ದ ಹಾಗೇ ಇದೆ."

ಅವಳು ಸುಳ್ಳು ಹೇಳಲಿಲ್ಲ. ಉಸಿರಾಡಿದೆಯಾ ಎಂದು ಯಾರಾದರೂ ಕೇಳಿದರೆ ಮನುಷ್ಯ ಲೆಕ್ಕ ಒಪ್ಪಿಸುತ್ತಾನೆಯೇ? ತೊಳೆಯುವುದು ಅವಳಿಗೆ ಹಾಗೆ.

ಡಾಕ್ಟರಮ್ಮನಿಗೆ ಮನಸ್ಸು ಒಪ್ಪದಿದ್ದರೂ ಬೇರೆ ದಾರಿ ತೋಚಲಿಲ್ಲ. ಶನಿವಾರದವರೆಗೆ ನೋಡೋಣ, ಚೇತರಿಸಿಕೊಳ್ಳದಿದ್ದರೆ ಈ ಟ್ಯಾಂಕಿನ ಕೊಳವೆ ಮುಚ್ಚಿ, ನೀರಿಗೇ ಹುಳದ ಔಷಧಿ ಹಾಕೋಣ ಎಂದರು. ಬಡಕಲು ಮೈ ಅದನ್ನು ತಾಳುತ್ತದೆಯೋ ಇಲ್ಲವೋ ಹೇಳಲಾಗದು ಎಂದೂ ಸೇರಿಸಿದರು. ಹೋಗುವಾಗ ಬಾಗಿಲ ಬಳಿ ನಿಂತು, ಮುಂಚೆ ಇದು ಹೇಗೆ ಇಷ್ಟು ವರ್ಷ ಗಟ್ಟಿಮುಟ್ಟಾಗಿತ್ತು ಎಂದು ಹಳಬರನ್ನು ಒಂದು ಮಾತು ಕೇಳಬಹುದಲ್ಲ ಎಂದರು.

ಹಳಬರೆಂದರೆ ನಾಳೆ ಮಾವ. ಅಕ್ಕನಿಗೆ ಆ ಮಾತು ಬಾಯಿಗೆ ಬೇವು ಇಟ್ಟಂತಾಯಿತು.

ಮನೆಯಲ್ಲಿ ಅವಳ ಗಂಡ ಲಿಫ್ಟ್ ರಿಪೇರಿಯವನು. ಅಡುಗೆಮನೆಯ ಕಟ್ಟೆಯ ಮೇಲೆ ತನ್ನ ಸ್ಪ್ಯಾನರು ಇಡಲು ಅನುಮತಿಯಿಲ್ಲದ, ಮನೆಗೆ ಬಂದ ಕೂಡಲೇ ಮೊಣಕೈವರೆಗೆ ಕೈ ತೊಳೆದೇ ಕುರ್ಚಿ ಮುಟ್ಟಬೇಕಾದ ಮನುಷ್ಯ. ಅಂದು ಹೆಂಡತಿ ತೊಳೆದ ತಟ್ಟೆಯನ್ನೇ ಮೂರು ಸಲ ತೊಳೆಯುತ್ತಿರುವುದನ್ನು ಕಂಡು, ಏನಾಯಿತು ಎಂದು ಕೇಳಿದ. ಅವಳು ಹೇಳಿದಳು. ನಾಳೆ ಮಾವನ ಮನೆ ಬಾಗಿಲಿಗೆ ಹೋಗಿ ನಿಲ್ಲುವ ಯೋಚನೆಯೇ ಆಗದು ಎಂದೂ ಹೇಳಿದಳು. ಆ ಮನುಷ್ಯ ಇಷ್ಟು ವರ್ಷ ಮಾಡದ ಕೆಲಸವನ್ನು ತಾನು ಮೂರು ತಿಂಗಳಲ್ಲಿ ಮಾಡಿದವಳು. ಈಗ ಹೋಗಿ ಏನೆಂದು ಕೇಳುವುದು?

"ಲಿಫ್ಟ್ ನಿಂತ್ರೆ ನಾನು ಮೊದ್ಲು ಕೇಳೋದು ವಾಚ್‌ಮನ್‌ನ," ಎಂದ ಗಂಡ. "ಅವನಿಗೆ ಲಿಫ್ಟ್ ಬಗ್ಗೆ ಏನೂ ಗೊತ್ತಿರಲ್ಲ. ಆದ್ರೆ ನಿಲ್ಲೋಕೆ ಮುಂಚೆ ಅದು ಹೇಗೆ ಓಡ್ತಿತ್ತು ಅಂತ ಗೊತ್ತಿರುತ್ತೆ."

"ನೀವು ಹೋಗಿ ಕೇಳ್ಕೊಂಡು ಬನ್ನಿ ಹಾಗಾದ್ರೆ."

"ನನ್ನ ಒಳಗೆ ಬಿಟ್ಕೊಳ್ತಾರೋ ಇಲ್ವೋ. ಕೈಲಿ ಗ್ರೀಸಿದೆ."

ಬುಧವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಅಕ್ಕ ಬಸ್ಸು ಹತ್ತಿದಳು. ನಾಳೆ ಮಾವ ಇದ್ದದ್ದು ಮೂರನೇ ಮಹಡಿಯಲ್ಲಿ. ಕರೆಗಂಟೆ ಕೆಟ್ಟಿತ್ತು. ಅದರ ಮೇಲೆ ಅಂಟಿಸಿದ್ದ, ಬಾಗಿಲು ಬಡಿಯಿರಿ ಎಂಬ ಚೀಟಿ ಹಳದಿಗಟ್ಟಿತ್ತು. ಬಡಿದಳು. ಬನಿಯನ್ನಿನ ಮೇಲೆ ಅಂಗಿ ಏರಿಸಿಕೊಳ್ಳುತ್ತ ಮಾವ ಬಾಗಿಲು ತೆರೆದರು. ಅವಳನ್ನು ನೋಡಿ ಅವರಿಗೆ ನಿಜವಾಗಿಯೂ ಸಂತೋಷವಾಯಿತು. ಅದು ಅಕ್ಕನಿಗೆ ಇನ್ನಷ್ಟು ಮುಜುಗರ ತಂದಿತು. ಕುರ್ಚಿಯ ಮೇಲಿದ್ದ ಹಳೆಯ ಪೇಪರುಗಳನ್ನು ನೆಲಕ್ಕೆ ಇಳಿಸಿ ಕೂರಿಸಿದರು. ನೆಲದ ಮೇಲೆ ಆಗಲೇ ಇನ್ನೊಂದು ರಾಶಿ ಪೇಪರಿತ್ತು. ಟೀ ತಂದುಕೊಟ್ಟರು. ಲೋಟದ ಅಂಚನ್ನು ಅಕ್ಕ ಸೆರಗಿನಿಂದ ಒರೆಸಿಕೊಂಡದ್ದನ್ನು ನೋಡಿಯೂ ನೋಡದಂತಿದ್ದರು.

ಅವಳು ವಿಷಯ ಹೇಳಿದಳು. ಹೆಣ್ಣು ಸಾಯುವಂತಿದೆ. ಗಂಡು ದೊಡ್ಡದಾದ್ದರಿಂದ ತಡೆದುಕೊಂಡಿದೆ, ಅದರ ಸರದಿಯೂ ದೂರವಿಲ್ಲ. ನೀವು ಏನು ಕೊಡುತ್ತಿದ್ದಿರಿ?

"ಏನೂ ಕೊಡ್ತಿರಲಿಲ್ಲ ತಾಯಿ. ಅವತ್ತೇ ಹೇಳಿದ್ನಲ್ಲ."

"ಏನಾದ್ರೂ ಗುಟ್ಟು ಇದ್ರೆ ಹೇಳಿ ಮಾವ. ನಿಮ್ಮ ಕಾಲಿಗೆ ಬೀಳ್ತೀನಿ."

"ಗುಟ್ಟಾ?" ಮಾವ ಯೋಚಿಸಿದರು. ಪ್ರಾಮಾಣಿಕವಾಗಿ ಯೋಚಿಸಿದರು, ಅದು ಮುಖದಲ್ಲಿ ಕಾಣುತ್ತಿತ್ತು. "ಗುಟ್ಟು ಅಂದ್ರೆ ಸೋಮಾರಿತನ. ಮುಂದಿನ ಗಾಜು ಒರೆಸ್ತಿದ್ದೆ, ಮ್ಯಾನೇಜರ್ ಬೈತಾರೆ ಅಂತ. ಹಿಂದಿನದನ್ನ ಯಾರು ನೋಡ್ತಾರೆ? ಆ ಮೀನಂತೂ ನನ್ನಷ್ಟಕ್ಕೆ ನನ್ನ ಬಿಟ್ಟಿತ್ತು, ನಾನೂ ಅದನ್ನ ಬಿಟ್ಟಿದ್ದೆ. ಅದು ಯಾಕೆ ಚೆನ್ನಾಗಿತ್ತು ಅಂತ ನನಗೂ ಗೊತ್ತಿಲ್ಲ."

ಇಷ್ಟು ದೂರ ಬಂದದ್ದು ಇದಕ್ಕಾ ಎಂದು ಅಕ್ಕನಿಗೆ ಅಳು ಬರುವಂತಾಯಿತು. ಅಳು ಬಂದಾಗ ಏನಾದರೊಂದನ್ನು ಒರೆಸುವುದು ಅವಳ ಸ್ವಭಾವ. ಕಿಟಕಿಯ ಹತ್ತಿರ ಮೇಜಿನ ಮೇಲೊಂದು ಸಣ್ಣ ಗಾಜಿನ ತೊಟ್ಟಿಯಿತ್ತು. ಒಳಗಿನದು ಕಾಣದಷ್ಟು ಹಸಿರು. ಕೈ ತಾನಾಗಿಯೇ ಅತ್ತ ಹೋಯಿತು. ಸೆರಗಿನ ತುದಿಯಿಂದ ಹೊರಗಾಜಿನ ಧೂಳು ತೆಗೆದಳು. ಇದರಲ್ಲಿ ಯಾವ ಮೀನಿದೆ ಎಂದು ಕೇಳಿದಳು.

ಈಗ ಯಾವುದೂ ಇಲ್ಲ ಎಂದರು ಮಾವ. ಇದ್ದ ಮೀನು ಎಂದೋ ಸತ್ತಿತ್ತು. ಒಳಗಿದ್ದ ಕಲ್ಲುಗಳು ಮಾತ್ರ ಹದಿನಾಲ್ಕನೇ ಟ್ಯಾಂಕಿನವೇ, ಹೆಚ್ಚುವರಿಯಾಗಿ ಮೂಲೆಯಲ್ಲಿ ಬಿದ್ದಿದ್ದವೆಂದು ಹಿಂದೊಮ್ಮೆ ಕೇಳಿ ತಂದಿದ್ದರು. ಮೀನು ಸತ್ತ ಮೇಲೆ ನೀರು ಚೆಲ್ಲಿ ತೊಟ್ಟಿ ಯಾರಿಗಾದರೂ ಕೊಟ್ಟುಬಿಡಬೇಕೆಂದಿದ್ದರು.

"ನಾಳೆ ಚೆಲ್ಲೋಣ ಅಂತ ಹಾಗೇ ಉಳೀತು," ಎಂದರು.

ಅಕ್ಕ ಗಾಜಿಗೆ ಮುಖ ತಂದಳು. ಅವಳು ಒರೆಸಿದ ಜಾಗದಲ್ಲಿ, ಗಾಜಿನ ಒಳಮೈಯಲ್ಲಿ, ಪಾಚಿಯ ನಡುವೆ ಬಿಳಿಯ ಚುಕ್ಕಿಗಳಿದ್ದವು. ರವೆಯ ಕಾಳಿಗಿಂತ ಸಣ್ಣವು. ಮೊದಲು ಉಪ್ಪಿನ ಕಲೆ ಎಂದುಕೊಂಡಳು. ಆಮೇಲೆ ಒಂದು ಚುಕ್ಕಿ ಹಾರಿತು. ಪಕ್ಕದ್ದೂ ಹಾರಿತು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ಇಡೀ ಗಾಜೇ ಹರಿದಾಡುತ್ತಿತ್ತು.

"ಇದೇನು ಮಾವ?"

"ಹುಳ. ಅಲ್ಲೂ ಇದ್ವಲ್ಲ, ಹಿಂದಿನ ಗಾಜಿನ ತುಂಬ. ನೀನು ನೋಡ್ಲಿಲ್ವಾ?"

ನೋಡಿದ್ದಳು. ನೋಡಿದ ಮೊದಲ ದಿನವೇ ಬ್ಲೀಚಿಂಗ್ ಪುಡಿ ತರಿಸಿದ್ದಳು.

ಕುಪ್ಪಳಿಸು, ನಿಲ್ಲು, ಕುಕ್ಕು. ಮೂರು ತಿಂಗಳು ಕಣ್ಣೆದುರೇ ನಡೆದ ಆ ಕುಕ್ಕುವಿಕೆ ಯಾತಕ್ಕೆಂದು ಅಕ್ಕನಿಗೆ ಆ ಮೇಜಿನ ಪಕ್ಕದಲ್ಲಿ ನಿಂತಾಗ ಹೊಳೆಯಿತು. ಬೋಳು ಕಲ್ಲನ್ನು ಎರಡೂ ಮೀನು ದಿನವಿಡೀ ಕುಕ್ಕಿದ್ದವು, ಸಿಗದ ಊಟಕ್ಕಾಗಿ. ಅವು ಹಸಿದಷ್ಟೂ ಇವಳು ತಿಕ್ಕಿದ್ದಳು. ಇವಳು ತಿಕ್ಕಿದಷ್ಟೂ ಅವು ಹಸಿದಿದ್ದವು.

ಒಂದು ಬಕೆಟ್ ಕೇಳಿದಳು. ಬಕೆಟ್ಟಿನ ಹಿಡಿ ಮುರಿದಿತ್ತು, ರಿಪೇರಿ ಮಾಡಿಸಬೇಕೆಂದಿದ್ದರಂತೆ. ಕಲ್ಲುಗಳನ್ನೂ ಅವು ಮುಳುಗುವಷ್ಟು ಹಸಿರು ನೀರನ್ನೂ ತುಂಬಿ, ಬಕೆಟ್ಟನ್ನು ಎದೆಗವಚಿಕೊಂಡು ಮೂರು ಮಹಡಿ ಇಳಿದಳು. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದುಹೋದರು. ಜೀವಮಾನದಲ್ಲಿ ಮೊದಲ ಬಾರಿಗೆ ಅಕ್ಕನ ಪಕ್ಕದ ಸೀಟು ವಾಸನೆಗೆ ಖಾಲಿಯಾಯಿತು.

ಫೋನು ಮಾಡಿದ್ದಕ್ಕೆ ಡಾಕ್ಟರಮ್ಮ ಸಂಜೆಯೇ ಬಂದರು. ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಅಕ್ಕನಿಗೂ ನೋಡಲು ಹೇಳಿದರು. ಹನಿಯಲ್ಲಿ ಒಂಟಿ ಕಣ್ಣಿನ, ಉದ್ದ ಮೀಸೆಯ ಪ್ರಾಣಿಗಳು ತಡಬಡಿಸುತ್ತಿದ್ದವು. ಒಂದು ಬಾಲದ ಬುಡದಲ್ಲಿ ಮೊಟ್ಟೆಗಳ ಚೀಲ ಹೊತ್ತಿತ್ತು. ಪುಸ್ತಕದಲ್ಲಿ ಇವಕ್ಕೆ ಕೋಪೆಪಾಡ್ ಎನ್ನುತ್ತಾರೆ, ಸೀಗಡಿಯ ದೂರದ ನೆಂಟರು ಎಂದರು ಡಾಕ್ಟರಮ್ಮ. ಪಾಚಿಯ ಮೇಲೆ ಇವು ಬದುಕುತ್ತವೆ, ಇವುಗಳ ಮೇಲೆ ಚಿತ್ತಾರ. ಆ ಮೀನಿಗೆ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಊಟ ಇಟ್ಟುಕೊಳ್ಳುವ ಏರ್ಪಾಡಿಲ್ಲ, ಬೆಳಕಿರುವಷ್ಟು ಹೊತ್ತೂ ತಿನ್ನುತ್ತಿರಬೇಕು. ಅದು ತಮಗೂ ಗೊತ್ತಿತ್ತು. ಆದರೆ ಕಲ್ಲಿನ ಮೇಲೆ ಹುಳ ಇದ್ದೇ ಇರುತ್ತವೆಂದು ಭಾವಿಸಿದ್ದರು.

"ಕಲ್ಲು ತೊಳೆದದ್ದು ನೀವು ಹೇಳ್ಲಿಲ್ಲ," ಎಂದರು. ದನಿಯಲ್ಲಿ ಆಕ್ಷೇಪವಿರಲಿಲ್ಲ.

"ನೀವು ಬದಲಾಯಿಸಿದ್ದೇನು ಅಂತ ಕೇಳಿದ್ರಿ ಮೇಡಂ. ತೊಳೆಯೋದು ಬದಲಾಯಿಸೋದು ಅಂತ ನನಗೆ ಹೊಳೀಲೇ ಇಲ್ಲ."

ಡಾಕ್ಟರಮ್ಮ ಔಷಧಿಯ ಮಾತು ಬಿಡೋಣ ಎಂದರು. ಶನಿವಾರ ಆ ಔಷಧಿ ಹಾಕಿದ್ದರೆ ಕಲ್ಲಿನಲ್ಲಿ ಅಳಿದುಳಿದ ಹುಳವೂ ಸಾಯುತ್ತಿತ್ತು. ಅದನ್ನು ಹಾಕಲು ಹೇಳಿದವಳು ನಾನೇ ಎಂದು ತಾವಾಗಿಯೇ ಹೇಳಿದರು.

ಆದರೆ ಕಲ್ಲನ್ನು ಹಾಗೇ ಟ್ಯಾಂಕಿಗೆ ಇಳಿಸುವಂತಿರಲಿಲ್ಲ. ಮಾವನ ತೊಟ್ಟಿಯ ನೀರು ಆರಿ ಆರಿ ಉಪ್ಪು ಏರಿತ್ತು. ಒಮ್ಮೆಲೇ ಬದಲಾದರೆ ಹುಳ ಸಾಯುತ್ತವೆ. ಬಕೆಟ್ಟಿಗೆ ಟ್ಯಾಂಕಿನ ನೀರನ್ನು ಸಣ್ಣ ಕೊಳವೆಯಿಂದ ತೊಟ್ಟುತೊಟ್ಟಾಗಿ ಬಿಡುತ್ತ ಗುರುವಾರ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಆ ಬೆಳಗ್ಗೆ ಅಕ್ಕ ಮ್ಯಾನೇಜರ ಕೋಣೆಗೆ ಹೋದಳು. ನೀವು ಹೊಗಳಿದ ಬಿಳಿ ಕಲ್ಲುಗಳೇ ಮೀನನ್ನು ಕೊಲ್ಲುತ್ತಿರುವುದು, ಮಾಡಿದವಳು ನಾನು, ಇನ್ನು ಆ ಟ್ಯಾಂಕು ಕೊಳಕಾಗಿಯೇ ಇರಬೇಕು ಎಂದಳು. ಮ್ಯಾನೇಜರು ಕನ್ನಡಕ ತೆಗೆದು ಅವಳನ್ನು ನೋಡಿದರು. ಫಿನಾಯಿಲಕ್ಕನ ಬಾಯಲ್ಲಿ ಇಂಥ ಮಾತು ಕೇಳುತ್ತೇನೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

"ಪೂರ್ತಿ ಕೊಳಕಾ?"

"ಪೂರ್ತಿ."

"ಮುಂದಿನ ಗಾಜು ಒಂದಾದ್ರೂ ಒರೆಸಿ ಅಕ್ಕಾ. ಜನ ದುಡ್ಡು ಕೊಟ್ಟು ಬರ್ತಾರೆ."

ನಾಳೆ ಮಾವನೂ ಅದನ್ನೇ ಮಾಡಿದ್ದರು ಎಂದು ಅಕ್ಕನಿಗೆ ನೆನಪಾಯಿತು. ಆಗಲಿ ಎಂದಳು.

ಗುರುವಾರ ಮಧ್ಯಾಹ್ನ ಹಸಿರು ಕಲ್ಲುಗಳು ಟ್ಯಾಂಕಿಗೆ ಇಳಿದವು. ನೀರು ಕದಡಿತು. ಗಂಡು ಕುಪ್ಪಳಿಸಿಕೊಂಡು ಬಂದು ಮೊದಲ ಕಲ್ಲಿನ ಮುಂದೆ ನಿಂತು, ಕುಕ್ಕಿತು. ಮತ್ತೆ ಕುಕ್ಕಿತು. ಹೆಣ್ಣು ಮೂಲೆಯಿಂದ ಅಲುಗಲಿಲ್ಲ. ಅಕ್ಕ ಸ್ಟೂಲು ಎಳೆದುಕೊಂಡು ಕೂತಳು. ಶಾಲೆಯ ಮಕ್ಕಳ ಗುಂಪೊಂದು ಬಂದು, ಗಲೀಜು ಎಂದು ನಕ್ಕು, ಪಕ್ಕದ ಟ್ಯಾಂಕಿಗೆ ಹೋಯಿತು. ಕಟ್ಟಡ ಮುಚ್ಚುವ ಹೊತ್ತಿಗೆ ಹೆಣ್ಣು ಒಂದು ಕಲ್ಲಿನ ಬುಡಕ್ಕೆ ಬಂದಿತು. ಒಂದು ಸಲ ಕುಕ್ಕಿತು. ಅಷ್ಟೇ. ಅಕ್ಕ ಟಾರ್ಚ್ ಆರಿಸಿ ಮನೆಗೆ ಹೋದಳು. ಸತ್ತರೆ ನಾಳೆ ಗೊತ್ತಾಗುತ್ತದೆ ಎಂದು ಗಂಡನಿಗೆ ಹೇಳಿದಳು. ನಾಳೆ ಎಂದಳಲ್ಲ ಎಂದು ಅವನು ನಗಲು ಹೋಗಿ, ಅವಳ ಮುಖ ನೋಡಿ ಊಟಕ್ಕೆ ತಟ್ಟೆ ಇಟ್ಟ.

ಸಾಯಲಿಲ್ಲ. ಮರುದಿನ ಅದು ಕಲ್ಲಿನ ಮೇಲಿತ್ತು.

ಆದರೆ ಒಂದು ಬಕೆಟ್ ಕಲ್ಲಿನ ಹುಳ ಎರಡು ಬಾಯಿಗೆ ಎಷ್ಟು ದಿನ? ಹುಳ ಸಾಕಬೇಕು ಎಂದರು ಡಾಕ್ಟರಮ್ಮ. ಉಪ್ಪುನೀರಿನಲ್ಲಿ ಪಾಚಿ ಬೆಳೆಸಿ, ಹಸಿರಾದ ಮೇಲೆ ಹುಳ ಬಿಟ್ಟು, ಬಿಸಿಲು ಬೀಳುವ ಕಡೆ ಇಡಬೇಕು. ಮತ್ಸ್ಯಾಲಯದಲ್ಲಿ ಬಿಸಿಲು ಬೀಳುವ ಕಿಟಕಿಯೇ ಇರಲಿಲ್ಲ. ಅಕ್ಕನ ಮನೆಯಲ್ಲಿ ಅಂಥದ್ದು ಒಂದೇ ಇತ್ತು, ಅಡುಗೆಮನೆಯದು. ಅಲ್ಲಿ ನಾಲ್ಕು ದೊಡ್ಡ ಗಾಜಿನ ಜಾಡಿಗಳು ಸಾಲಾಗಿ ಕೂತವು. ಒಂದು ವಾರದಲ್ಲಿ ನೀರು ಹಸಿರಾಯಿತು, ಆಮೇಲೆ ಕಡುಹಸಿರು. ಗಂಡ ಒಂದು ಸಂಜೆ ಬಂದವನು ಜಾಡಿಗಳನ್ನು ನೋಡಿ, ತನ್ನ ಕೈಗಳನ್ನು ನೋಡಿಕೊಂಡು, ಒಂದು ಸ್ಪ್ಯಾನರನ್ನು ಮೆಲ್ಲನೆ ಕಟ್ಟೆಯ ಮೇಲೆ ಇಟ್ಟ.

"ಅದನ್ನ ತೆಗೀರಿ," ಎಂದಳು ಅಕ್ಕ.

"ಹುಳಕ್ಕೆ ಜಾಗ ಇದೆ, ನನಗಿಲ್ವಾ?"

"ನೀವು ಯಾರ ಊಟಾನೂ ಅಲ್ಲ."

ಹುಳ ತುಂಬಿದ ಜಾಡಿಯ ನೀರನ್ನು ಅವಳು ಸರದಿಯಂತೆ ಟ್ಯಾಂಕಿಗೆ ಒಯ್ದು ಸುರಿದಳು. ಅವಳಿಗೆ ಕಷ್ಟವಾದದ್ದು ಜಾಡಿಗಳಲ್ಲ. ಟ್ಯಾಂಕಿನ ಮುಂದೆ ನಿಂತಾಗ ಕೈಗಳು ಕೇಳುತ್ತಿರಲಿಲ್ಲ. ಮಾತಾಡುತ್ತ ಮಾತಾಡುತ್ತ ಬ್ರಷ್ ಕೈಗೆ ಬಂದಿರುತ್ತಿತ್ತು. ಕೊನೆಗೆ ಬ್ರಷ್ಷನ್ನು ಟಿಕೆಟ್ ಹುಡುಗಿಯ ಮೇಜಿನೊಳಗಿಟ್ಟು, ತಾನು ಕೇಳಿದರೂ ಕೊಡಬೇಡ ಎಂದಳು. ಎರಡು ಸಲ ಕೇಳಿದಳು. ಹುಡುಗಿ ಕೊಡಲಿಲ್ಲ. ಹಿಂದಿನ ಗಾಜಿನ ಮೇಲೆ ಮೊದಲು ಕಂದು ಪೊರೆ, ಆಮೇಲೆ ಹಸಿರು ಬಂತು. ಅದರ ಮೇಲೆ ಬಿಳಿಯ ಚುಕ್ಕಿಗಳು ಕಾಣಿಸಿಕೊಂಡ ಬೆಳಗ್ಗೆ ಅಕ್ಕ ಅವನ್ನು ಭೂತಗನ್ನಡಿ ಹಿಡಿದು ನೋಡಿದಳು. ಹಾರಿದವು. ಹೆಣ್ಣಿನ ತಲೆಯ ಹಿಂದಿನ ತಗ್ಗು ಆ ಹೊತ್ತಿಗೆ ಅರ್ಧ ತುಂಬಿತ್ತು, ಪಕ್ಕೆ ನೆಟ್ಟಗಾಗಿತ್ತು.

ಈ ನಡುವೆ ನಾಳೆ ಮಾವ ಮೀನು ನೋಡಲು ನಾಳೆ ಬರುತ್ತೇನೆಂದು ಫೋನು ಮಾಡಿದ್ದರು. ತಿಂಗಳು ಕಳೆದ ಮೇಲೆ ಒಂದು ಸಂಜೆ, ಜನರೆಲ್ಲ ಹೋಗುವ ಹೊತ್ತಿಗೆ, ನಿಜವಾಗಿಯೂ ಬಂದರು. ಅಕ್ಕ ಇನ್ನೊಂದು ಸ್ಟೂಲು ಹಾಕಿದಳು. ದೀಪಗಳು ಒಂದೊಂದಾಗಿ ಮಂಕಾಗುತ್ತ ಬಂದವು. ಹವಳದ ಮೀನುಗಳಿಗೆ ಮುಸ್ಸಂಜೆಯಂತೆ ಕಾಣಲೆಂದು ಮಾಡಿದ ಏರ್ಪಾಡು ಅದು. ಗಂಡು ಬೆನ್ನಿನ ಉದ್ದ ಮುಳ್ಳನ್ನು ನಿಗುರಿಸಿಕೊಂಡು ಹೆಣ್ಣಿನ ಸುತ್ತ ಬಂತು. ಹೆಣ್ಣು ಕಲ್ಲಿನ ಸಂದಿಯಿಂದ ಹೊರಬಂದು ಅದರ ಮಗ್ಗುಲಿಗೆ ನಿಂತಿತು. ಎರಡೂ ಹೊಟ್ಟೆಗೆ ಹೊಟ್ಟೆ ಒತ್ತಿಕೊಂಡು ಮೇಲಕ್ಕೆ ಏಳತೊಡಗಿದವು, ತೀರ ನಿಧಾನವಾಗಿ. ಅರ್ಧಕ್ಕೆ ಹೋಗಿ ಹೆಣ್ಣು ಬಿಡಿಸಿಕೊಂಡು ಕೆಳಗಿಳಿಯಿತು.

"ಶಕ್ತಿ ಸಾಲ್ಲಿಲ್ಲ," ಎಂದಳು ಅಕ್ಕ.

"ಇರು ತಾಯಿ. ನನ್ನ ಕಾಲದಲ್ಲೂ ಹೀಗೇ ಮಾಡ್ತಿತ್ತು. ಅವಸರ ಮಾಡ್ಬೇಡ."

ಎರಡನೇ ಸಲ ಏರಿದವು, ನೀರಿನ ಮೇಲ್ಮೈ ಹತ್ತಿರದವರೆಗೂ. ಅಲ್ಲಿ ಒಂದು ಕ್ಷಣ ನಿಂತು, ಮೋಡದ ಎಳೆಯಂಥ ಏನನ್ನೋ ಬಿಟ್ಟು, ಬಾಣದಂತೆ ಕೆಳಗೆ ಬಂದು ಕಲ್ಲಿನ ಸಂದಿ ಸೇರಿದವು. ಎಳೆ ಬಿಡಿಬಿಡಿಯಾಗಿ ಗಾಜಿನಂಥ ಸಣ್ಣ ಮೊಟ್ಟೆಗಳಾಗಿ ತೇಲಿತು. ಹೊಟ್ಟೆ ತುಂಬದ ಹೆಣ್ಣು ಮೊಟ್ಟೆ ಕಟ್ಟುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಅಕ್ಕ ಸೆರಗಿನಿಂದ ಏನನ್ನೋ ಒರೆಸಲು ಹುಡುಕಿ, ಕೊನೆಗೆ ಕಣ್ಣು ಒರೆಸಿಕೊಂಡಳು. ಮಾವ ಗಾಜಿನ ಕಡೆ ನೋಡುತ್ತ ಕೂತಿದ್ದರು.

ಈ ಮೀನು ಮೊಟ್ಟೆಗಳನ್ನು ಕಾಯುವುದಿಲ್ಲ. ಅವು ಮರುದಿನ ಒಡೆದವು. ಮರಿಗಳು ಹುಳಕ್ಕಿಂತ ಸಣ್ಣವಾದ್ದರಿಂದ ಹುಳ ತಿನ್ನಲಾರದೆ ಒಂದೂ ಉಳಿಯಲಿಲ್ಲ. ಬೆಳಗ್ಗೆ ಏಳೂವರೆಗೆ ಹೆಣ್ಣು ಎಂದಿನಂತೆ ಹಿಂದಿನ ಗಾಜನ್ನು ಕುಕ್ಕುತ್ತಿತ್ತು. ಅಕ್ಕ ಮುಂದಿನ ಗಾಜಿಗೆ ಮಾತ್ರ ಎಂದು ಹೇಳಿ ಟಿಕೆಟ್ ಹುಡುಗಿಯಿಂದ ಬ್ರಷ್ ಇಸಿದುಕೊಂಡು, ಅಷ್ಟನ್ನೇ ತಿಕ್ಕಿ, ಬ್ರಷ್ಷನ್ನು ಮೇಜಿನೊಳಗೆ ವಾಪಸು ಇಟ್ಟಳು.